ನೋವಿಲ್ಲದ ಕಾಲಿಗೆ ಪಟ್ಟಿ

ನನ್ನ ತಮ್ಮನ ಮಗಳಿಗೆ ನೋವಿದ್ದದ್ದು ಬಲ ಮೊಣಕಾಲಿನಲ್ಲಿ. ಮೂರು ವಾರದ ಹಿಂದೆ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತು, ನಾನು ಪಟ್ಟಿ ಕಟ್ಟಿದ್ದು ಆಕೆಯ ಎಡ ಮೊಣಕಾಲಿಗೆ.

ತಪ್ಪಿ ಕಟ್ಟಿದ್ದಲ್ಲ. ಗೊತ್ತಿದ್ದೇ ಕಟ್ಟಿದ್ದು.

ಹುಡುಗಿಯ ಹೆಸರು ನೀಲಾ. ಹದಿನೇಳು ತುಂಬಿದೆ. ಹಾಕಿ ಆಡುತ್ತಾಳೆ. (ಸಿಂಧನೂರಿನ ಭತ್ತದ ಸೀಮೆಯಲ್ಲಿ ಹಾಕಿಯೇ ಎನ್ನುವವರಿಗೆ: ಹೌದು, ಹಾಕಿಯೇ. ಕೊಯ್ಲಾದ ಮೇಲೆ ಗದ್ದೆ ಒಣಗಿ ಗಟ್ಟಿಯಾಗುತ್ತದಲ್ಲ, ಆಕೆ ಕಲಿತದ್ದು ಅಲ್ಲಿ. ಕೂಳೆಗೆ ಬಡಿದು ಚೆಂಡು ಎತ್ತ ಪುಟಿಯುತ್ತದೆಂದು ದೇವರಿಗೂ ಗೊತ್ತಾಗದ ನೆಲದಲ್ಲಿ ಕಲಿತವಳಿಗೆ ಸಪಾಟು ಮೈದಾನ ಯಾವ ದೊಡ್ಡದು?)

ಆಕೆ ಫಾರ್ವರ್ಡ್. ಗೋಲು ಹೊಡೆಯುವ ಜಾಗದವಳು. ಚೆಂಡು ಸಿಕ್ಕರೆ ಬಲಕ್ಕೆ ಹೋಗುವವಳಂತೆ ಒಂದು ಹೆಜ್ಜೆ ಹಾಕಿ, ಆ ಬಲಗಾಲನ್ನೇ ಊರಿ ಗಿರಕ್ಕನೆ ತಿರುಗಿ ಎಡಕ್ಕೆ ನುಗ್ಗುತ್ತಾಳೆ. ಎದುರಿನವರು ನೋಡುತ್ತ ನಿಲ್ಲುತ್ತಾರೆ. ಜಿಲ್ಲೆಯಲ್ಲಿ ಹಾಕಿ ನೋಡುವ ನಾಲ್ಕು ಜನರ ಮುಂದೆ ಆಕೆಯ ಹೆಸರೆತ್ತಿದರೆ ಮೊದಲು ಆ ತಿರುವಿನ ಮಾತೇ ಬರುತ್ತದೆ.

ಅವತ್ತು ಲಿಂಗಸುಗೂರಿನಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಸೆಲೆಕ್ಷನ್. ಫಾರ್ವರ್ಡ್ ಜಾಗಕ್ಕೆ ಒಬ್ಬಳೇ. ಆಯ್ಕೆಯಾದರೆ ಒಳ್ಳೆಯ ಮೈದಾನ, ಒಳ್ಳೆಯ ಕೋಚ್, ಊಟ, ಓದು. ಮುಂದೆ ರಾಜ್ಯದ ತಂಡ ಇರಬಹುದು. ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಇರಬಹುದು. ಆಗದಿದ್ದರೆ? ಮುಂದಿನ ವರ್ಷಕ್ಕೆ ಆಕೆಗೆ ವಯಸ್ಸು ಮೀರುತ್ತದೆ.

ಇದ್ದದ್ದು ಅದೊಂದೇ ದಿನ.

ನಾನು ಮಸ್ಕಿಯಲ್ಲಿ ಬಸ್ ಹತ್ತಿದೆ. (ನನ್ನ ಹೊಲಿಗೆ ಅಂಗಡಿ ಅಲ್ಲೇ ಇರುವುದೆಂದು ಈ ಅಂಕಣ ಓದುವವರಿಗೆ ಹೇಳಬೇಕಿಲ್ಲ. ನಿಮ್ಮಲ್ಲಿ ಅರ್ಧ ಜನರ ಜಂಪರಿನ ಅಳತೆ ನನ್ನ ಪುಸ್ತಕದಲ್ಲಿದೆ.) ನೀಲಾ ಸಿಂಧನೂರಿನಿಂದಲೇ ಕಿಟಕಿ ಪಕ್ಕದ ಸೀಟು ಹಿಡಿದು ಬಂದಿದ್ದಳು. ಬಲಗಾಲನ್ನು ಮುಂದಿನ ಸೀಟಿನ ಕೆಳಗೆ ಚಾಚಿಟ್ಟಿದ್ದಳು. ನೋಡಿದ ಕೂಡಲೇ ತಿಳಿಯಿತು.

"ಎಷ್ಟು ದಿನಾತು?" ಅಂದೆ.

"ಏನು?"

"ನಾಟಕ ಮಾಡಬ್ಯಾಡ. ಕಾಲು."

ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಹನ್ನೆರಡು ದಿನ. ಸಾಲಗುಂದದ ಹುಡುಗ್ಯಾರ ಜೊತಿ ಆಡುವಾಗ ತಿರುಗಿದೆ, ಒಳಗ ಟಪ್ ಅಂತು."

"ಬಾವು?"

"ಮುಂಜಾನಿ ಇರಂಗಿಲ್ಲ. ಸಂಜೀಕ ಬರ್ತೈತಿ."

"ನಿಮ್ಮವ್ವಗ ಹೇಳೀಯೇನು?"

"ಹೇಳಿದ್ರ ಆಕಿ ಬಸ್ ಹತ್ತಿಸ್ತಿದ್ಲಾ? ಏನ್ ಕೇಳ್ತಿ ಅತ್ತಿ ನೀನೂ. ಪಟ್ಟಿ ತಂದೀಯಿಲ್ಲ?"

ತಂದಿದ್ದೆ. ಹಿಂದಿನ ದಿನ ಆಕೆಯೇ ಫೋನ್ ಮಾಡಿದ್ದಳು. "ಅಪ್ಪನ ಪಟ್ಟಿ ನಿನ್ನ ಕಡೆ ಐತಲ್ಲ, ತಗೊಂಡು ಬಾ. ಬರುವಾಗ ಆ ಕೆಂಪು ಗುಳಿಗೀನೂ ತಗೊಂಡು ಬಾ." ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಹೇಳಿದ್ದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಕೇಳದೆ ಇರುವುದು ಎಷ್ಟು ಸಲೀಸು ಅಲ್ಲವೇ?

ಪಟ್ಟಿ ತೆಗೆದೆ. ಹಳೆಯ ಜೀನ್ಸ್ ಬಟ್ಟೆ ಎರಡು ಪದರ ಮಾಡಿ, ಹಿಂದೆ ಅಗಲದ ಇಲಾಸ್ಟಿಕ್ ಕೊಟ್ಟು, ನಾನೇ ನನ್ನ ತಮ್ಮ ಅಮರೇಶನಿಗೆ ಹೊಲಿದದ್ದು. ಯಾವ ಕಾಲಿಗೆ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಬಲಗಾಲು ಹಿಂದಕ್ಕೆಳೆದುಕೊಂಡು ಎಡಗಾಲು ಮುಂದಿಟ್ಟಳು. ನಾನು ಕಟ್ಟಿದೆ.

ಅದು ನಮ್ಮ ಮನೆಯ ನಿಯಮ. ಮನೆಯದು ಅನ್ನುವುದಕ್ಕಿಂತ ಅಮರೇಶನ ತಂಡದ್ದು. ಅವನಿಗೆ ಹದಿನೆಂಟು, ನನಗೆ ಇಪ್ಪತ್ತೆರಡು ಇದ್ದಾಗ ಅವನು ನನಗೆ ಕಲಿಸಿದ್ದು.

"ಎದುರಿನವರು ಪಟ್ಟಿ ನೋಡಿ ಅದೇ ಕಾಲಿಗೆ ಸ್ಟಿಕ್ ಹಾಕ್ತಾರಕ್ಕಾ. ಅದಕ್ಕ ಚಲೋ ಕಾಲಿಗೆ ಕಟ್ಟಬೇಕು. ಅವರು ಅದನ್ನ ಹೊಡೀತಾರ, ಬ್ಯಾನಿ ಕಾಲು ಉಳೀತೈತಿ."

"ಮತ್ತ ಚಲೋ ಕಾಲಿನ ಗತಿ?"

"ಅದು ಚಲೋ ಐತಲ್ಲ, ತಡಕೊಂತೈತಿ."

ತಂಡದವರೆಲ್ಲ ಹಾಗೇ. ಒಬ್ಬ ಎಡಗೈ ಮಣಿಕಟ್ಟು ಊದಿದ್ದಕ್ಕೆ ಬಲಗೈಗೆ ಬಟ್ಟೆ ಸುತ್ತಿಕೊಂಡು ಆಡಲು ಹೋದನಂತೆ. ಮ್ಯಾಚ್ ಮುಗಿದು ಊಟಕ್ಕೆ ಕೂತಾಗ, ಕಟ್ಟಿದ ಬಟ್ಟೆಯನ್ನು ತಾನೇ ನಂಬಿ, ಬಲಗೈ ನೋಯುತ್ತದೆ, ತುತ್ತು ಎತ್ತಲಾರೆ ಎಂದು ಕೂತುಬಿಟ್ಟನಂತೆ. ಅಮರೇಶ ಇದನ್ನು ಹೇಳಿದಾಗಲೆಲ್ಲ ನಾವು ನಗುತ್ತಿದ್ದೆವು. ಈಗ ಬರೆಯುವಾಗಲೂ ಸ್ವಲ್ಪ ನಗು ಬಂತು.

ಅಮರೇಶನಿಗೂ ಇಂಥದೇ ಒಂದು ಸೆಲೆಕ್ಷನ್ ದಿನ ಬಂದಿತ್ತು. ಆ ದಿನವೂ ಪಟ್ಟಿ ಕಟ್ಟಿದವಳು ನಾನೇ. ಪರೀಕ್ಷೆ ಮಾಡುವವರು ಪಟ್ಟಿ ಇದ್ದ ಕಾಲನ್ನು ಒತ್ತಿ ನೋಡಿದರು, ಸರಿ ಇದೆ ಎಂದರು. ಅವನು ಆಯ್ಕೆಯಾದ. ಓಣಿಯವರು ಹಾರ ಹಾಕಿ ಕಳಿಸಿದರು.

ಅಲ್ಲಿ ಅವನು ಆಡಿದ್ದು ಏಳು ಮ್ಯಾಚ್. ಎಂಟನೆಯದರಲ್ಲಿ ಯಾರೂ ಅವನನ್ನು ಮುಟ್ಟಲಿಲ್ಲ, ಯಾರ ಸ್ಟಿಕ್ಕೂ ತಾಗಲಿಲ್ಲ. ಸುಮ್ಮನೆ ತಿರುಗಿದ, ಬಿದ್ದ. ಡಾಕ್ಟರು ಕೇಳಿದ್ದು ಒಂದೇ ಮಾತಂತೆ. "ಇದು ಹಳೇ ಪೆಟ್ಟು. ಮೊದಲೇ ಯಾಕೆ ಹೇಳಲಿಲ್ಲ?"

ಊರಿಗೆ ಬಂದವನು ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್ ಆದ. ದಢೇಸುಗೂರಿನಿಂದ ಬಳಗಾನೂರಿನವರೆಗೆ ಅವನು ಕೊಯ್ಯದ ಗದ್ದೆ ಇಲ್ಲ. ಕ್ಲಚ್ ಒತ್ತಬೇಕಾದದ್ದು ನೋವಿನ ಕಾಲಿನಿಂದಲೇ. ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಸಲ ಒತ್ತಬೇಕೋ ಎಣಿಸಿದವರಿಲ್ಲ. ಹಾಗಾಗಿ ಗುಳಿಗೆ. ಮೊದಲು ಸುಗ್ಗಿಯಲ್ಲಿ ಮಾತ್ರ, ಆಮೇಲೆ ವರ್ಷವಿಡೀ. ಮೊದಲು ಒಂದು, ಆಮೇಲೆ ಎರಡು. "ಅಕ್ಕಾ, ಬರುವಾಗ ಕೆಂಪು ಗುಳಿಗಿ ತಗೊಂಡು ಬಾ." ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಮೆಡಿಕಲ್ ಶಾಪ್. ಚೀಟಿ ಬೇಕಿರಲಿಲ್ಲ. ಮುಖ ನೋಡಿದರೆ ಕೊಡುತ್ತಿದ್ದರು.

ಕಳೆದ ಕಾರ್ತಿಕದಲ್ಲಿ ಅಮರೇಶ ತೀರಿಕೊಂಡ. ಎರಡೂ ಕಿಡ್ನಿ ಹೋಗಿದ್ದವು. ನಲವತ್ನಾಲ್ಕು ವರ್ಷ. "ಇಷ್ಟು ವರ್ಷ ನೋವಿನ ಗುಳಿಗೆ ತಂದು ಕೊಟ್ಟವರು ಯಾರು?" ಎಂದು ಆಸ್ಪತ್ರೆಯಲ್ಲಿ ಕೇಳಿದರು. ನಾನು ಎದುರಿನ ಗೋಡೆ ನೋಡುತ್ತ ನಿಂತಿದ್ದೆ.

(ಎರಡು ತಿಂಗಳು ಈ ಅಂಕಣ ಬರಲಿಲ್ಲ. ಯಾಕೆ ಎಂದು ಕೆಲವರು ಅಂಗಡಿಗೇ ಬಂದು ಕೇಳಿದಿರಿ. ಆರಾಮಿರಲಿಲ್ಲ ಎಂದಿದ್ದೆ. ಇದು ಕಾರಣ.)

ಲಿಂಗಸುಗೂರಿನ ಮೈದಾನಕ್ಕೆ ಬರೋಣ.

ಹುಡುಗಿಯರು ಸಾಲಾಗಿ ನಿಂತಿದ್ದರು. ಬಿಳಿ ಟೀ ಶರ್ಟಿನ ಫಿಸಿಯೋ ಒಬ್ಬೊಬ್ಬರನ್ನೇ ಬೆಂಚಿನ ಮೇಲೆ ಕೂರಿಸಿ ನೋಡುತ್ತಿದ್ದರು. ಹೊರಗಿನವರು, ಚಿಕ್ಕ ವಯಸ್ಸಿನವರು. ಸಾಲು ಉದ್ದ ಇತ್ತು, ಅವರಿಗೆ ಅವಸರ ಇತ್ತು. ನಾನು ತಂತಿ ಬೇಲಿಗೆ ಆತು ನಿಂತಿದ್ದೆ. ಮಾತು ಕೇಳಿಸುವಷ್ಟು ಹತ್ತಿರ.

"ಏನಮ್ಮಾ, ಈ ಪಟ್ಟಿ?"

"ಸುಮ್ನ ಕಟ್ಟೀನ್ರಿ ಸರ್."

ಅವರು ಪಟ್ಟಿ ಸರಿಸಿದರು. ಮೊಣಕಾಲ ಚಿಪ್ಪಿನ ಸುತ್ತ ಒತ್ತಿದರು. ಮಡಿಸಿದರು, ಚಾಚಿಸಿದರು. "ನೋವಾಗುತ್ತಾ?"

"ಇಲ್ರಿ."

"ನಿಜ ಹೇಳು."

"ಖರೇನ ರೀ ಸರ್. ಈ ಕಾಲಿಗೇನೂ ಆಗಿಲ್ರಿ."

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರು ಹಾಳೆಯಲ್ಲಿ ಗುರುತು ಹಾಕಿ, ಬೆನ್ನು ತಟ್ಟಿ, "ನೆಕ್ಸ್ಟ್" ಎಂದರು. ನೀಲಾ ಎದ್ದು ಬರುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಮರೇಶ ಹಾರಿಸುತ್ತಿದ್ದ ಹಾಗೇ. ನಾನೂ ನಕ್ಕೆ. ಹೌದು, ನಕ್ಕೆ. ಆ ಹೊತ್ತಿಗೆ ನನಗೂ ಗೆದ್ದ ಹಾಗೇ ಅನಿಸಿತ್ತು.

ಮಧ್ಯಾಹ್ನದ ಮೇಲೆ ಮ್ಯಾಚ್. ಫಾರ್ವರ್ಡ್ ಜಾಗಕ್ಕೆ ಕೊನೆಗೆ ಉಳಿದವರು ಇಬ್ಬರು. ಒಂದು ಕಡೆ ನೀಲಾ, ಇನ್ನೊಂದು ಕಡೆ ಎರಡು ಜಡೆಗೆ ಹಸಿರು ರಿಬ್ಬನ್ ಕಟ್ಟಿದ ಒಬ್ಬ ಹುಡುಗಿ. ಆಕೆಯ ಎಡ ಮೊಣಕಾಲಿಗೂ ಒಂದು ಪಟ್ಟಿ ಇತ್ತು. ಅಂಗಡಿಯದು, ಕಪ್ಪಗೆ, ಹೊಸದು. (ನಾನು ಹೊಲಿದದ್ದಕ್ಕಿಂತ ಫಿಟಿಂಗ್ ಚೆನ್ನಾಗಿತ್ತು. ಒಪ್ಪುತ್ತೇನೆ.)

ಮೊದಲರ್ಧದಲ್ಲಿ ನೀಲಾ ಒಂದು ಗೋಲು ಹೊಡೆದಳು. ಬೇಲಿಗೆ ನಿಂತ ಯಾರೋ ಹಿರಿಯರು, "ಯಾರ ಮಗಳ್ರೀ ಆಕಿ? ಬೆಂಕಿ ಅದಾಳ," ಎಂದರು.

"ಸಿಂಧನೂರಿನ ಅಮರೇಶನ ಮಗಳ್ರಿ," ಎಂದೆ.

"ಮೊದಲ ಹಾಕಿ ಆಡ್ತಿದ್ನಲ್ಲ, ಆತನ? ಈಗೇನು ಮಾಡ್ತಾನ್ರಿ?"

ಚೆಂಡು ನಮ್ಮ ಕಡೆ ಬಂತು, ಅವರು ಆಟದ ಕಡೆ ತಿರುಗಿದರು. ಉಳಿದೆ.

ಆದರೆ ನಾನು ನೋಡುತ್ತಿದ್ದದ್ದು ಬೇರೆ. ನೀಲಾ ಒಮ್ಮೆಯೂ ತಿರುಗಿರಲಿಲ್ಲ. ಎಲ್ಲರೂ ಕಾಯುತ್ತಿದ್ದ ಆ ತಿರುವು ಬರಲೇ ಇಲ್ಲ. ನೇರ ಓಡುತ್ತಿದ್ದಳು, ನೇರ ಹೊಡೆಯುತ್ತಿದ್ದಳು. ಆಯ್ಕೆ ಮಾಡುವವರಲ್ಲಿ ಒಬ್ಬರು ಪಕ್ಕದವರಿಗೆ ಏನೋ ಹೇಳಿ ಆಕೆಯ ಕಡೆ ಕೈ ತೋರಿಸಿದರು. ಎರಡನೆಯ ಅರ್ಧದಲ್ಲಿ ಆಕೆ ತಿರುಗಲೇಬೇಕು. ಅದು ನನಗೆ ಗೊತ್ತಾಯಿತು. ಆಕೆಗೂ ಗೊತ್ತಿತ್ತು.

ಬಿಡುವಿನಲ್ಲಿ ಬೇಲಿಯ ಹತ್ತಿರ ಬಂದಳು. ಬೆವರು ಇಳಿಯುತ್ತಿತ್ತು. ಬಲಗಾಲಿನ ಹಿಮ್ಮಡಿ ನೆಲಕ್ಕೆ ಮುಟ್ಟಿಸಿರಲಿಲ್ಲ.

"ಅತ್ತಿ, ಗುಳಿಗಿ ಕೊಡು. ಎರಡು."

ಚೀಲದಲ್ಲಿ ಕೈ ಹಾಕಿದೆ. ಗುಳಿಗೆಯ ಹಾಳೆ ಬೆರಳಿಗೆ ತಾಗಿತು. ನೋಡದೆಯೇ ಗೊತ್ತಾಗುತ್ತದೆ, ಅದರ ಚೂಪು ಅಂಚು, ಅದರ ಉಬ್ಬು. ಎಷ್ಟು ವರ್ಷ ಇದೇ ಚೀಲದಲ್ಲಿ ಹೊತ್ತಿದ್ದೇನೆ.

"ಮರೆತು ಬಂದೀನಿ," ಎಂದೆ.

"ಸುಳ್ಳು ಹೇಳ್ತಿ. ಬಸ್ಸಿನಾಗ ಪಟ್ಟಿ ತೆಗಿವಾಗ ನಾನ ನೋಡೀನಿ."

"ಎಲ್ಲೋ ಬಿದ್ದಿರಬೇಕವ್ವ."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೀರು ಕುಡಿದು, ಬಾಯಿ ಒರೆಸಿಕೊಂಡಳು. "ಇರ್ಲಿ ಬಿಡು. ಇನ್ನ ಅರ್ಧ ತಾಸು. ತಡಕೊಂತೀನಿ."

ಆ ಒಂದು ಶಬ್ದ. ಅಮರೇಶ ಗಟ್ಟಿ ಕಾಲಿಗೆ ಹೇಳಿದ್ದನ್ನು ಈಕೆ ನೋವಿನ ಕಾಲಿಗೆ ಹೇಳುತ್ತಿದ್ದಳು.

ಫಿಸಿಯೋ ಕೂತ ಬೆಂಚು ಗೇಟಿನ ಆಚೆ, ಬೇಲಿ ಸುತ್ತಿ ಹೋಗಬೇಕು. ಹೊರಟೆ. ನಡುವೆ ಎರಡು ಸಲ ನಿಂತೆ. ಸುಳ್ಳು ಯಾಕೆ ಹೇಳಲಿ? ನೀಲಾಳ ತಾಯಿ ಶರಣಮ್ಮ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು, "ಅಕ್ಕಾ, ಅವರಿದ್ದಿದ್ರ ಅವರ ಹೋಗ್ತಿದ್ರು. ಅವರ ಬದ್ಲಿ ನೀವು ಅದೀರಿ ಅಂತ ಧೈರ್ಯಾಗಿ ಕಳಿಸೀನಿ." ಆಕೆಗೆ ಏನು ಹೇಳುವುದು? ಈ ಹುಡುಗಿಗೆ ಇನ್ನೊಂದು ದಿನ ಇಲ್ಲ. ಕಾಲು ಅರ್ಧ ತಾಸು ತಡೆಯಲೂಬಹುದು. ಹಾಸ್ಟೆಲ್ಲಿಗೆ ಹೋದ ಮೇಲೆ ಅಲ್ಲಿಯ ಡಾಕ್ಟರೇ ನೋಡಿ ಸರಿ ಮಾಡಲೂಬಹುದು. ನಾನು ಯಾರು ಇದನ್ನು ತೀರ್ಮಾನ ಮಾಡಲು? ಏಳನೇ ತರಗತಿ ಓದಿದ ಹೊಲಿಗೆಯವಳು.

ರೆಫರಿ ಸೀಟಿ ಬಾಯಿಗಿಟ್ಟರು.

"ಸರ್," ಎಂದೆ. "ಇಪ್ಪತ್ಮೂರು ನಂಬರಿನ ಹುಡುಗೀದು ಇನ್ನೊಂದು ಕಾಲು ನೋಡ್ರಿ."

ಅವರು ತಲೆ ಎತ್ತಿದರು. "ನೀವು ಯಾರು?"

"ಪಟ್ಟಿ ಕಟ್ಟಿದಾಕಿ."

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಉದ್ದ ಹೇಳಲು ನನಗೆ ಆಗುವುದಿಲ್ಲ. ನೀಲಾಳನ್ನು ಕರೆಸಿದರು. ಬೆಂಚಿನ ಮೇಲೆ ಮಲಗಿಸಿ, ಬಲಗಾಲು ಮಡಿಸಿ, ಕಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆಳೆದರು. ಆಕೆ ಕೂಗಲಿಲ್ಲ. ಬೆಂಚಿನ ಅಂಚು ಹಿಡಿದಿದ್ದ ಬೆರಳು ಬೆಳ್ಳಗಾದವು. ಫಿಸಿಯೋ ಕಾಲು ಕೆಳಗಿಟ್ಟು, "ಸ್ಟಿಕ್ ಕೊಡಮ್ಮ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀಲಾ ಸ್ಟಿಕ್ ಕೊಟ್ಟಳು. ಬೇಲಿಯ ಹತ್ತಿರ ನಾನಿಲ್ಲದ್ದನ್ನು ನೋಡಿದಳು. ಬೆಂಚಿನ ಹಿಂದೆ ನಾನಿರುವುದನ್ನು ನೋಡಿದಳು.

ಹಸಿರು ರಿಬ್ಬನ್ನಿನ ಹುಡುಗಿ ಆಯ್ಕೆಯಾದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಮುಂದೆ ಕೂತಳು, ನಾನು ಹಿಂದೆ. ಮಸ್ಕಿ ಬಂತು. ಇಳಿಯಲು ಎದ್ದು ಆಕೆಯ ಸೀಟಿನ ಪಕ್ಕ ಬಂದಾಗ, ನನ್ನ ಕಡೆ ತಿರುಗದೆ ಹೇಳಿದಳು. "ಅಪ್ಪ ಇದ್ದಿದ್ರ ಹೇಳ್ತಿದ್ದಿಲ್ಲ."

ಕಂಡಕ್ಟರ್, "ಇಳೀರಿ ಅಕ್ಕಾ, ಜಲ್ದಿ, ಲೇಟ್ ಆಗ್ತೈತಿ," ಎಂದ. ಇಳಿದೆ.

ಶರಣಮ್ಮನಿಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿ ಫೋನ್ ಕಿವಿಗೆ ಹಿಡಿದು ಕೂತೆ. ಆಕೆ ಮೊದಲು ಮಗಳ ಕಾಲು ಹೇಗಿದೆ ಎಂದು ಕೇಳಿದಳು. ಆಮೇಲೆ, "ನೀವು ಮಾಡಿದ್ದು ಬರೋಬ್ಬರಿ ಐತಿ ಅಕ್ಕಾ. ಆದ್ರ ನಾನಾಗಿದ್ರ ಹೇಳ್ತಿದ್ದಿಲ್ಲ," ಎಂದಳು. ತಾಯಿ ಮಗಳು ಒಂದೇ ಮಾತು. ಒಬ್ಬರನ್ನೊಬ್ಬರು ಕೇಳದೆ.

ಸ್ಕ್ಯಾನ್ ಆಯಿತು. ಮೊಣಕಾಲಿನೊಳಗಿನ ಲಿಗಮೆಂಟ್ ಅರ್ಧ ಹರಿದಿದೆಯಂತೆ. ಅರ್ಧ ಬಿಚ್ಚಿದ ಹೊಲಿಗೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಡಾಕ್ಟರನ್ನು ಕೇಳಿದೆ. "ಆ ಅರ್ಧ ತಾಸು ಆಡಿದ್ದರೆ ಪೂರ್ತಿ ಹರೀತಿತ್ತೇನ್ರಿ?"

"ಹರಿಯಬಹುದಿತ್ತು. ಹರಿಯದೇ ಇರಬಹುದಿತ್ತು."

"ಇನ್ನ ಮುಂದ ಆಡ್ತಾಳೇನ್ರಿ?"

"ವ್ಯಾಯಾಮ ಸರಿಯಾಗಿ ಮಾಡಿದರೆ ಆಡಬಹುದು. ಒಂಬತ್ತು ತಿಂಗಳು ತಿರುಗೋ ಹಾಗಿಲ್ಲ."

ಹಿಂದಿನದು ಮುಂದಿನದು ಎಲ್ಲ "ಬಹುದು". ನಾನು ಮಾಡಿದ್ದು ಸರಿ ಎಂದು ಒಂದು ಹಾಳೆಯ ಮೇಲೆ ಬರೆದು ಕೊಡುವ ಡಾಕ್ಟರು ಎಲ್ಲೂ ಇಲ್ಲ. ಹುಡುಕಿ ನೋಡಿದ್ದೇನೆ.

ಒಳ್ಳೆಯ ಆಟಗಾರರ ಬಗ್ಗೆ ಮಾತಾಡುವಾಗ ನಾವು ಗೋಲು ಎಣಿಸುತ್ತೇವೆ. ಎಷ್ಟು ಹೊಡೆದ, ಯಾರ ಮೇಲೆ ಹೊಡೆದ. ಅಮರೇಶ ಎಷ್ಟು ಹೊಡೆದಿದ್ದನೆಂದು ಹೇಳುವ ಹಳಬರು ಸಿಂಧನೂರಿನಲ್ಲಿ ಇನ್ನೂ ಇದ್ದಾರೆ. ಅವನ ಮೊಣಕಾಲು ಯಾವ ವಯಸ್ಸಿಗೆ ಮೊದಲು ಟಪ್ ಎಂದಿತು ಎಂದು ಹೇಳುವವರು ಯಾರಾದರೂ ಇದ್ದಾರೆಯೇ? ನಾನೊಬ್ಬಳಿದ್ದೆ. ನಾನು ಪಟ್ಟಿ ಹೊಲಿಯುತ್ತಿದ್ದೆ. ಆಟಗಾರ ಎಷ್ಟು ದೂರ ಹೋಗುತ್ತಾನೆ ಎನ್ನುವುದು ಅವನ ಕೈಚಳಕದ ಮೇಲಿದೆ ಎಂದುಕೊಂಡಿದ್ದೆವು. ಪಕ್ಕದಲ್ಲಿದ್ದವರು ಬಾಯಿ ಬಿಡುವುದರ ಮೇಲೂ ಇದೆ ಎಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಒಂದು ಜೀವವೂ ಬೇಕಾಯಿತು.

ಹಾಕಿಯ ಮಾತಷ್ಟೇ ಅಲ್ಲ ಇದು. ಅಂಗಡಿಗೆ ಜಂಪರಿನ ಅಳತೆ ಕೊಡಲು ಬಂದವರು ಕೆಲವೊಮ್ಮೆ ಟೇಪು ತಾಗಿದರೆ ತೋಳು ಎಳೆದುಕೊಳ್ಳುತ್ತಾರೆ. "ಏನಾತ್ರಿ?" ಎಂದರೆ, "ಏನಿಲ್ರಿ, ಬಾಗಲಾ ಬಡೀತು," ಎನ್ನುತ್ತಾರೆ. ನಾನು ಏನು ಮಾಡಿದ್ದೇನೆ ಗೊತ್ತೇ? ಇನ್ನೊಂದು ತೋಳಿನ ಅಳತೆ ತೆಗೆದುಕೊಂಡು, ಹೊಲಿದು ಕೊಟ್ಟಿದ್ದೇನೆ. ಫಿಟಿಂಗ್ ಚೆನ್ನಾಗಿ ಬಂದಿದೆ ಎಂದು ಹೇಳಿ ಕಳಿಸಿದ್ದಾರೆ. ನನ್ನ ಈ ಕೈಗಳು ಚಲೋ ಕಡೆಯನ್ನೇ ಹಿಡಿದು ಎಷ್ಟು ಕೆಲಸ ಮಾಡಿವೆ.

ಹದಿನೆಂಟು ದಿನ ನೀಲಾ ನನ್ನ ಜೊತೆ ಮಾತಾಡಲಿಲ್ಲ. ಫೋನ್ ಮಾಡಿದರೆ ಶರಣಮ್ಮ ಎತ್ತುತ್ತಿದ್ದಳು. "ಮಕ್ಕೊಂಡಾಳ," ಎನ್ನುತ್ತಿದ್ದಳು. ಹಿಂದಿನಿಂದ ಆಕೆಯ ಕೆಮ್ಮು ಕೇಳಿಸುತ್ತಿತ್ತು.

ಮೊನ್ನೆ ಮಂಗಳವಾರ, ಹೇಳದೆ ಕೇಳದೆ, ಮಸ್ಕಿಯ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಅದೇ ಜೀನ್ಸ್ ಪಟ್ಟಿ. ಅದನ್ನು ಮಷಿನ್ನಿನ ಪಕ್ಕ ಇಟ್ಟಳು. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿಟ್ಟಳು. ಮುಚ್ಚಿಡದೆ.

ನಾನು ಹೊಲಿಯುತ್ತಿದ್ದೆ. ಏನು ಕೇಳಿದರೆ ಎದ್ದು ಹೋಗುತ್ತಾಳೋ ಎಂದು ಏನೂ ಕೇಳಲಿಲ್ಲ. ಒಂದು ಇಡೀ ತೋಳು ಹೊಲಿದು ಮುಗಿಸಿದೆ. ಆಮೇಲೆ ಆಕೆಯೇ ಬಾಯಿ ಬಿಟ್ಟಳು.

"ಅತ್ತಿ, ಆ ಹಸಿರು ರಿಬ್ಬನ್ನಿನ ಹುಡುಗಿ."

"ಹೂಂ."

"ಆಕಿ ಎಡಗಾಲಿಗೆ ಪಟ್ಟಿ ಇತ್ತಲ್ಲ?"

"ಇತ್ತು."

"ಎರಡೂ ಕಾಲು ನೋಡಿದ್ರಾ ಆಕೀವು?"

ನೆನಪು ಮಾಡಿಕೊಂಡೆ. ಸಾಲು ಉದ್ದ ಇತ್ತು. ಅವಸರ ಇತ್ತು. "ಇಲ್ಲ," ಎಂದೆ. ಮಷಿನ್ ನಿಲ್ಲಿಸಿದೆ.

ನೀಲಾ ತನ್ನ ಬಲ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಹಂಗಾರ ಆಕಿಗೆ ಬ್ಯಾನಿ ಯಾವ ಕಾಲಾಗಿತ್ತು?"